ನೀಲಿ ಫಿನ್ನು, ಬಿಳಿ ಫಿನ್ನು

ಆ ಕಡಲತೀರದಲ್ಲಿ ಯಾರ ಹಲಗೆಯ ಅಡಿಗೆ ಯಾವ ಫಿನ್ ಎಂಬ ರೆಕ್ಕೆ ಹಾಕಬೇಕೆಂದು ತೀರ್ಮಾನಿಸುತ್ತಿದ್ದವರು ಕನ್ನಡಕದ ಅಂಗಡಿಯ ಯಜಮಾನರು. ಹಲಗೆಯ ಮೇಲೆ ನೆಟ್ಟಗೆ ನಿಂತು, ಉದ್ದನೆಯ ಹುಟ್ಟು ಹಾಕುತ್ತ, ಅಲೆಯ ಬೆನ್ನೇರಿ ದಡಕ್ಕೆ ಬರುವ ಆಟ ಅಲ್ಲಿ ಜೋರಾಗಿತ್ತು. ಆಡುವವರೆಲ್ಲ ನೀರಿಗಿಳಿಯುವ ಮುಂಚೆ ಇವರ ಪ್ಲಾಸ್ಟಿಕ್ ಕುರ್ಚಿಯ ಮುಂದೆ ಹಾಜರಿ ಹಾಕಿಯೇ ಹೋಗುತ್ತಿದ್ದರು. ಇವರ ಮಾತಿಗೆ ಎದುರು ಮಾತಿರಲಿಲ್ಲ. ಇಷ್ಟೆಲ್ಲ ಆಗಿಯೂ ಯಜಮಾನರು ಮಾತ್ರ ಜನ್ಮದಲ್ಲಿ ಒಂದು ಸಲವೂ ಹಲಗೆ ಹತ್ತಿದವರಲ್ಲ. ಹತ್ತುವುದಿರಲಿ, ಮೊಣಕಾಲು ದಾಟಿದ ನೀರಿಗೆ ಇಳಿದವರೂ ಅಲ್ಲ.

ಯಾರಾದರೂ "ನೀವೂ ಬನ್ನಿ ಸಾರ್" ಎಂದರೆ ಸೊಂಟದ ಮೇಲೆ ಕೈಯಿಟ್ಟು, ಮುಖ ಕಿವುಚಿ, "ಡಿಸ್ಕು" ಎನ್ನುತ್ತಿದ್ದರು. ಅವರ ಬೆನ್ನಿನ ಡಿಸ್ಕುಗಳೆಲ್ಲ ಗಟ್ಟಿಮುಟ್ಟಾಗಿ ತಮ್ಮ ತಮ್ಮ ಜಾಗದಲ್ಲೇ ಕೂತಿದ್ದವು. ಜಾಗ ತಪ್ಪಿದ್ದು ಧೈರ್ಯ. ಅದು ಮೊದಲು ಯಾವ ಜಾಗದಲ್ಲಿತ್ತು ಎಂಬುದು ಅವರಿಗೇ ನೆನಪಿರಲಿಲ್ಲ. ಸ್ನಾನದ ಬಕೆಟ್ಟಿನ ನೀರನ್ನೂ ನಂಬದೆ ಮೊದಲು ಬೆರಳಿಟ್ಟು ನೋಡುವ ಮನುಷ್ಯ ತಾವು ಎಂದು ಒಬ್ಬರೇ ಇದ್ದಾಗ ತಮ್ಮನ್ನು ತಾವೇ ಲೇವಡಿ ಮಾಡಿಕೊಳ್ಳುತ್ತಿದ್ದರು. ನಾಲ್ಕು ಜನರ ಮುಂದೆ ಮಾತ್ರ ಡಿಸ್ಕು.

ಈ ಫಿನ್ನಿನ ಗೀಳು ಹತ್ತಿದ್ದು ಹೆಂಡತಿಯಿಂದ. ಹೆಂಡತಿ ನಗರದ ಬಸ್ ಓಡಿಸುವವಳು. ಊರಿನ ಅತಿ ಕೆಟ್ಟ ತಿರುವುಗಳಿರುವ ಗುಡ್ಡದ ಮಾರ್ಗ ಅವಳದೇ. ಅವಳ ತಮ್ಮ ಕಡಲತೀರದಲ್ಲಿ ಒಂದು ಶೆಡ್ಡು ಹಾಕಿಕೊಂಡು, ಹಲಗೆಗಳನ್ನು ಬಾಡಿಗೆಗೆ ಕೊಟ್ಟು, ಹೊಸಬರಿಗೆ ಕಲಿಸುತ್ತಿದ್ದ. ಕುತ್ತಿಗೆಯಲ್ಲಿ ಸದಾ ಸೀಟಿ ನೇತಾಡುತ್ತಿದ್ದುದರಿಂದ ಅವನಿಗೆ ಸೀಟಿ ಎಂದೇ ಹೆಸರು ಬಿದ್ದಿತ್ತು. ಒಂದು ರಜೆಯ ದಿನ ಅವನು ಅಕ್ಕನನ್ನು ಹಲಗೆಯ ಮೇಲೆ ನಿಲ್ಲಿಸಿದ. ಅವಳು ಹುಟ್ಟಿದ್ದೇ ಅಲ್ಲಿ ಎನ್ನುವಷ್ಟು ಸಲೀಸಾಗಿ ನಿಂತಳು. ಐವತ್ತು ದಾಟಿದ ಮೇಲೆ ಹೊಸ ಆಟ ಸಿಕ್ಕಿದ ಖುಷಿಯಲ್ಲಿ, ಸೀಟಿಯ ಹಳೆಯ ಹಲಗೆಯೊಂದನ್ನು ಮನೆಗೇ ಹೊತ್ತು ತಂದಳು. ಹಲಗೆ ಹಜಾರದ ಉದ್ದಕ್ಕೂ ಮಲಗಿತು. ಊಟದ ಮೇಜಿಗೆ ಹೋಗಬೇಕಾದರೆ ಯಜಮಾನರು ಅದನ್ನು ದಾಟಿಕೊಂಡು ಹೋಗಬೇಕಾಯಿತು.

ಹಾಗೆ ಒಂದು ದಿನ ಎಡವಿ ಬಿದ್ದಾಗ ಅವರ ಕಣ್ಣಿಗೆ ಹಲಗೆಯ ಹೊಟ್ಟೆ ಕಂಡಿತು. ಬಾಲದ ಕಡೆ ಒಂದು ಉದ್ದನೆಯ ಸೀಳು, ಅದರಲ್ಲಿ ಮೀನಿನ ರೆಕ್ಕೆಯ ಹಾಗೆ ಎದ್ದು ನಿಂತ ಒಂದು ಫಿನ್, ಅಕ್ಕಪಕ್ಕ ಇನ್ನೆರಡು ಫಿನ್ನಿಗೆ ಖಾಲಿ ಜಾಗ. ಬಿಚ್ಚಲು ಸ್ಕ್ರೂಗಳು! ಕನ್ನಡಕದ ಕಡ್ಡಿಗೆ ಸ್ಕ್ರೂ ಹಾಕಿಯೇ ಕೂದಲು ನರೆಸಿಕೊಂಡ ಮನುಷ್ಯನಿಗೆ ಇನ್ನೇನು ಬೇಕು? ಸಮುದ್ರಕ್ಕೆ ಸಂಬಂಧಪಟ್ಟ ಒಂದು ಕೆಲಸವನ್ನು ಒಣ ನೆಲದ ಮೇಲೆ ಕೂತು ಮಾಡಬಹುದೆಂದು ಆ ಗಳಿಗೆಯಲ್ಲಿ ಗೊತ್ತಾಗಿ, ಮೊಣಕೈ ತರಚಿದ್ದೂ ಮರೆತು ಹೋಯಿತು.

ಅಂದಿನಿಂದ ಓದಿದ್ದೇ ಓದಿದ್ದು. ಮಧ್ಯದಲ್ಲಿ ಒಂದೇ ದೊಡ್ಡ ಫಿನ್ ಹಾಕಿದರೆ ಹಲಗೆ ಅತ್ತಿತ್ತ ಓಲಾಡದೆ ನೇರ ಹೋಗುತ್ತದೆ. ಮಧ್ಯದ್ದನ್ನು ಚಿಕ್ಕದು ಮಾಡಿ ಅಕ್ಕಪಕ್ಕ ಎರಡು ಸೇರಿಸಿದರೆ ಅಲೆಯ ಇಳಿಜಾರಿನಲ್ಲಿ ಜಾರದೆ ಕಚ್ಚಿ ಹಿಡಿಯುತ್ತದೆ, ಹೇಳಿದ ಕಡೆ ತಿರುಗುತ್ತದೆ. ಮಧ್ಯದ ಫಿನ್ನನ್ನು ಸೀಳಿನಲ್ಲಿ ಮುಂದಕ್ಕೆ ಸರಿಸಿದರೆ ತಿರುವು ಹಗುರ. ಬಾಲದ ತುದಿಗೆ ತಳ್ಳಿದರೆ ಹಲಗೆ ಹಟ ಹಿಡಿದ ಎತ್ತಿನಂತೆ ನೇರವಾಗಿಯೇ ನಡೆಯುತ್ತದೆ. ಅಂಗಡಿಯ ಹಿಂದಿನ ಕೋಣೆಯಲ್ಲಿ ಗಾಜುಗಳ ಡ್ರಾಯರಿನ ಕೆಳಗೆ ಫಿನ್ನುಗಳಿಗೇ ಒಂದು ಡ್ರಾಯರು ಆಯಿತು. ಚಾಳೀಸು ಕೇಳಲು ಬಂದ ಗಿರಾಕಿಗಳಿಗೂ ಅವರು ಫಿನ್ ತೋರಿಸಿ ತಲೆ ತಿನ್ನತೊಡಗಿದರು.

ಆದರೆ ಅವರಿಗೆ ಹೆಸರು ಬಂದದ್ದು ಓದಿನಿಂದಲ್ಲ, ಅಂಗಡಿಯ ಪದ್ಧತಿಯಿಂದ. ಕಣ್ಣು ಪರೀಕ್ಷಿಸುವಾಗ ಮಾಡುವಂತೆಯೇ ಕಡಲತೀರದಲ್ಲೂ ಮಾಡಿದರು. ಒಂದು ಸಲಕ್ಕೆ ಒಂದೇ ಬದಲಾವಣೆ. ಹುಡುಗರು ಒಂದು ಸುತ್ತು ಹೋಗಿ ಬಂದರೆ, ಕುತ್ತಿಗೆಗೆ ದಾರದಲ್ಲಿ ನೇತುಹಾಕಿಕೊಂಡ ಸ್ಕ್ರೂ ಡ್ರೈವರಿನಿಂದ ಫಿನ್ನನ್ನು ಒಂದು ಬೆರಳಿನಷ್ಟು ಸರಿಸಿ, ಮತ್ತೊಂದು ಸುತ್ತು ಕಳಿಸುವುದು. ಬಂದ ಮೇಲೆ ಅದೇ ಪ್ರಶ್ನೆ: "ಮೊದಲನೆಯದು ಚೆನ್ನಾಗಿತ್ತಾ, ಎರಡನೆಯದಾ?" ಎರಡನೆಯದು ಎಂದರೆ ಇನ್ನೊಂದು ಬೆರಳು. ಹೀಗೆ ಮಾಡುತ್ತ ಮಾಡುತ್ತ ಎಲ್ಲರ ಹಲಗೆಯೂ ಅವರವರ ಕಾಲಿಗೆ ಒಗ್ಗಿತು. ಜನ ಅವರನ್ನು ಫಿನ್ ಡಾಕ್ಟರು ಎಂದರು. ಡಾಕ್ಟರು ಬೇಡ ಬೇಡ ಎನ್ನುತ್ತಲೇ ಉಬ್ಬಿ ಹೋದರು. ಸೀಟಿಯಂತೂ ಆ ಕೆಲಸವನ್ನೇ ಭಾವನಿಗೆ ಒಪ್ಪಿಸಿ ಹಗುರಾದ. ಅವನೇನಾದರೂ ನಡುವೆ ಮೂಗು ತೂರಿಸಿದರೆ ಭಾವ ಕೊರೆಯುವ ಕೊರೆತ ತಡೆಯಲಾರದೆ ಸೀಟಿ ಊದಿಕೊಂಡು ನೀರಿಗೆ ಓಡಿಬಿಡುತ್ತಿದ್ದ.

ಹೆಂಡತಿ ಹಲಗೆಯ ಕೆಳಗೆ ಬಗ್ಗಿ ನೋಡಿದವಳೇ ಅಲ್ಲ. "ಬಸ್ಸಿನ ಕೆಳಗೆ ಮೆಕ್ಯಾನಿಕ್ ಮಲಗ್ತಾನೆ, ಸ್ಟೀರಿಂಗ್ ನಾನು ಹಿಡೀತೀನಿ. ಅವನು ಸರಿ ಇದೆ ಅಂದ್ರೆ ಸರಿ ಇದೆ," ಎನ್ನುವುದು ಅವಳ ಕಟ್ಟುನಿಟ್ಟಿನ ಮಾತು. ಆ ನಂಬಿಕೆಯ ಮೇಲೆ ದಿನಕ್ಕೆ ನೂರಾರು ಜನರನ್ನು ಗುಡ್ಡ ಹತ್ತಿಸಿ ಇಳಿಸುತ್ತಿದ್ದಳು. ಮನೆಯ ಮೆಕ್ಯಾನಿಕ್ ಯಜಮಾನರು.

ಅವಳ ಆಸೆ ಬಂಡೆಯ ಮೇಲಿತ್ತು. ತೀರದ ಬಲತುದಿಯಲ್ಲಿ ಕಪ್ಪು ಬಂಡೆಯೊಂದು ಸಮುದ್ರಕ್ಕೆ ಚಾಚಿಕೊಂಡಿದೆ. ಅದರ ಆಚೆ ಎದೆಮಟ್ಟದ ಒಳ್ಳೆಯ ಅಲೆ ಏಳುತ್ತದೆ. ಅಲೆ ಏರಿದ ಕೂಡಲೆ ಬಂಡೆಯಿಂದ ದೂರಕ್ಕೆ ತಿರುಗಿಕೊಂಡರೆ, ದಡದವರೆಗೂ ಓರೆಯಾಗಿ ಜಾರಿಕೊಂಡು ಬರಬಹುದು. ತಿರುಗಿಸಲು ಬಂದವರಿಗೆ ಮಾತ್ರ ಸೀಟಿ ಅಲ್ಲಿಗೆ ಬಿಡುತ್ತಿದ್ದ. "ಅಕ್ಕ, ನೀನು ಇಲ್ಲಿ ಚಿಕ್ಕ ಅಲೆಯಲ್ಲಿ ತಿರುಗಿಸಿ ತೋರ್ಸು, ಮಾರನೇ ದಿನವೇ ಕರ್ಕೊಂಡು ಹೋಗ್ತೀನಿ," ಎಂದಿದ್ದ.

ಮೊದಲು ಎಲ್ಲ ಸರಿಯಾಗಿಯೇ ಇತ್ತು. ಯಜಮಾನರೇ ಅವಳ ಹಲಗೆಗೆ ಮಧ್ಯದಲ್ಲೊಂದು ಚಿಕ್ಕದು, ಪಕ್ಕದಲ್ಲೆರಡು, ಹೀಗೆ ತಿರುಗುವ ಫಿನ್ನು ಹಾಕಿಕೊಟ್ಟಿದ್ದರು. ಒಂದು ಮಧ್ಯಾಹ್ನ ಅವಳು ಅಲೆಯ ನೆತ್ತಿಯಿಂದ ಉರುಳಿ ಬಿದ್ದಳು. ಹಲಗೆ ಮೇಲೆದ್ದು ಬಂತು. ಅವಳ ತಲೆ ಬರಲಿಲ್ಲ. ಕುರ್ಚಿಯಲ್ಲಿ ಕೂತಿದ್ದ ಯಜಮಾನರ ಜೀವ ಬಾಯಿಗೆ ಬಂತು. ಎರಡೂ ಕೈಯಿಂದ ಕುರ್ಚಿಯ ಹಿಡಿಯನ್ನು ಅವುಚಿಕೊಂಡರು. ಆಮೇಲೆ ತಲೆಯೂ ಬಂತು. ಅವಳು ನಗುತ್ತ ಕೂದಲು ಹಿಂಡಿಕೊಳ್ಳುತ್ತಿದ್ದಳು. "ನೋಡಿದ್ರಾ, ಹೇಗೆ ಬಿದ್ದೆ!" ಎಂದು ಅಲ್ಲಿಂದಲೇ ಕೂಗಿದಳು. ಯಜಮಾನರು ಕೈ ಬೀಸಿದರು. ಕುರ್ಚಿಯ ಹಿಡಿಯಿಂದ ಇನ್ನೊಂದು ಕೈ ಬಿಡಿಸಿಕೊಳ್ಳಲು ಬಹಳ ಹೊತ್ತು ಹಿಡಿಯಿತು.

ಆ ರಾತ್ರಿ ಅವರು ಏನನ್ನೂ ನಿಶ್ಚಯಿಸಲಿಲ್ಲ, ಪಿತೂರಿ ಹೂಡಲಿಲ್ಲ. ಮಾರನೆಯ ವಾರ ಕೈ ತಾನಾಗಿಯೇ ಅವಳ ಹಲಗೆಯಿಂದ ಪಕ್ಕದ ಫಿನ್ನುಗಳೆರಡನ್ನೂ ಬಿಚ್ಚಿತು. ಮಧ್ಯದ ಚಿಕ್ಕದನ್ನೂ ತೆಗೆಯಿತು. ಡ್ರಾಯರಿನಲ್ಲಿದ್ದ ಎಲ್ಲಕ್ಕಿಂತ ದೊಡ್ಡ ಫಿನ್ನನ್ನು ಸೀಳಿಗೆ ಇಳಿಸಿ, ಬಾಲದ ತುದಿಗೆ ತಳ್ಳಿ, ಸ್ಕ್ರೂ ಬಿಗಿದೇ ಬಿಗಿಯಿತು. ಹಲಗೆ ತಿರುಗಲಿಲ್ಲ ಎಂದರೆ ಸೀಟಿ ಬಂಡೆಯ ಆಚೆ ಬಿಡುವುದಿಲ್ಲ. ಬಿಡಲಿಲ್ಲ ಎಂದರೆ ಹೆಂಡತಿ ಕಣ್ಣಳತೆಯಲ್ಲೇ ಇರುತ್ತಾಳೆ. ಲೆಕ್ಕ ಇಷ್ಟೇ. ಬಿಚ್ಚಿದ ಮೂರು ಫಿನ್ನುಗಳನ್ನು ಗಾಜು ಒರೆಸುವ ಹಳದಿ ಬಟ್ಟೆಯಲ್ಲಿ ಸುತ್ತಿ ಅಂಗಡಿಯ ಡ್ರಾಯರಿನ ತಳಕ್ಕೆ ತುರುಕಿದರು.

ಅಷ್ಟಕ್ಕೇ ನಿಲ್ಲಿಸಿದ್ದರೆ ಹೇಡಿ ಅನ್ನಿಸಿಕೊಂಡು ಮುಗಿಯುತ್ತಿತ್ತು. ಆದರೆ ಅವಳು ಕೇಳಿದಳು: "ರೀ, ಹಲಗೆ ಯಾಕೋ ತಿರುಗ್ತಾನೇ ಇಲ್ಲ. ಎಲ್ಲರಿಗೂ ಮಾಡೋ ಹಾಗೆ ನನಗೂ ಪರೀಕ್ಷೆ ಮಾಡಿ."

ಕಣ್ಣಿನ ಪರೀಕ್ಷೆಯಲ್ಲಿ ಒಂದು ಹಳೆಯ ಉಪಾಯವಿದೆ. ಜಾಣತನ ತೋರಿಸಲೆಂದು ಬಾಯಿಗೆ ಬಂದದ್ದು ಹೇಳುವ ಗಿರಾಕಿಗೆ, ಗಾಜನ್ನು ಬದಲಿಸಿದಂತೆ ಮಾಡಿ ಅದನ್ನೇ ಮತ್ತೆ ತೋರಿಸುವುದು. ಎರಡೂ ಒಂದೇ ಎಂದವರನ್ನು ನಂಬಬಹುದು, ಎರಡನೆಯದು ಚೆನ್ನಾಗಿದೆ ಎಂದವರದು ಬರೀ ಊಹೆ. ಯಜಮಾನರ ಬಳಿ ಆ ದೊಡ್ಡ ಫಿನ್ ಎರಡಿತ್ತು. ಅಳತೆ, ಆಕಾರ, ತೂಕ ಎಲ್ಲ ಒಂದೇ. ಒಂದು ನೀಲಿ, ಒಂದು ಬಿಳಿ. ನೀಲಿ ಹಾಕಿ ಕಳಿಸಿದರು. ಬಂದ ಮೇಲೆ ಬಿಳಿ ಹಾಕಿ ಕಳಿಸಿದರು. "ಈಗ ಬದಲಾಯಿಸಿದ್ದೀನಿ. ಮೊದಲನೆಯದು ಚೆನ್ನಾಗಿತ್ತಾ, ಎರಡನೆಯದಾ?"

ಅವಳು ಹುಬ್ಬು ಗಂಟಿಕ್ಕಿ ಯೋಚಿಸಿದಳು. "ಎರಡನೆಯದು... ಸ್ವಲ್ಪ ವಾಸಿ ಇರಬೇಕು, ಅಲ್ವಾ ರೀ?"

ಅವಳು ಊಹೆಯ ಗಿರಾಕಿಯಲ್ಲ ಎಂದು ಅವರಿಗೆ ಗೊತ್ತಿತ್ತು. ಗಂಡ ಬದಲಾಯಿಸಿದ್ದೇನೆ ಎಂದ ಮೇಲೆ ಬದಲಾಗಿರಲೇಬೇಕು ಎಂದು ನಂಬಿದವಳು. ಅವರಿಗೆ ತಮ್ಮ ಮೇಲೆ ಹೇಸಿಗೆ ಬಂತು. ಆದರೂ ಮುಂದಿನ ವಾರ ಬಿಳಿ ತೆಗೆದು ನೀಲಿ ಹಾಕಿದರು.

ಹೀಗೇ ಆ ಋತುವಿನ ಮುಕ್ಕಾಲು ಭಾಗ ಕಳೆಯಿತು. ಅವಳಿಗಿಂತ ಆಮೇಲೆ ಬಂದವರೆಲ್ಲ ಬಂಡೆಯ ಆಚೆ ಹೋಗಿ ಬಂದು ಬಡಾಯಿ ಕೊಚ್ಚುತ್ತಿದ್ದರು. ಅವಳು ಪ್ರತಿ ಅಲೆಯಲ್ಲೂ ಹಲಗೆಯ ಮೇಲೆ ವಾಲಿ, ಹುಟ್ಟು ಒತ್ತಿ, ಹಲ್ಲು ಕಚ್ಚಿ, ಕೊನೆಗೆ ನೆಟ್ಟಗೆ ಮರಳಿಗೆ ಬಂದು ತಗಲಿಕೊಳ್ಳುತ್ತಿದ್ದಳು. ನಗು ಕಮ್ಮಿಯಾಯಿತು. ಯಜಮಾನರು ಅದನ್ನು ಕಂಡೂ ಕಾಣದಂತಿದ್ದರು. ಊರಿನವರ ದೃಷ್ಟಿ ತಿದ್ದುವ ಮನುಷ್ಯ!

ಒಂದು ಸಂಜೆ ಡ್ಯೂಟಿ ಮುಗಿಸಿ ಬಂದವಳು ಶೂ ಕೂಡ ಬಿಚ್ಚದೆ, ಊಟ ಮಾಡುತ್ತಿದ್ದ ಗಂಡನ ಎದುರು ಮೇಜಿನ ಮುಂದೆ ಕೂತಳು.

"ಡಿಪೋದಲ್ಲಿ ಮಾರ್ಗ ಬದಲಾಯಿಸಿ ಅಂತ ಕೇಳ್ಕೊಂಡು ಬಂದೆ," ಎಂದಳು. "ಗುಡ್ಡದ್ದು ಬೇಡ, ಹೆದ್ದಾರಿದು ಕೊಡಿ ಅಂದೆ. ಅದು ನೇರ."

"ಯಾಕೆ? ಏನಾಯ್ತು?"

"ಏನೂ ಆಗಿಲ್ಲ. ಆಗೋ ಮುಂಚೆ ಬಿಡೋಣ ಅಂತ." ಅವಳು ತನ್ನ ಅಂಗೈಗಳನ್ನು ನೋಡಿಕೊಂಡಳು. "ಇಷ್ಟುದ್ದ ಹಲಗೆ ತಿರುಗಿಸೋಕೆ ಆಗ್ತಿಲ್ಲ ನನಗೆ. ಬಸ್ ತುಂಬ ಜನ ಇರ್ತಾರೆ. ನಿನ್ನೆ ಮೂರನೇ ತಿರುವಿನಲ್ಲಿ ಇದ್ದಕ್ಕಿದ್ದ ಹಾಗೆ ಅನುಮಾನ ಬಂತು ರೀ, ತಿರುಗುತ್ತೋ ಇಲ್ವೋ ಅಂತ. ಇಷ್ಟು ವರ್ಷದಲ್ಲಿ ಒಂದು ದಿನವೂ ಬಂದಿರಲಿಲ್ಲ. ಹಲಗೆ ಕೊಟ್ಟುಬಿಡೋಣ. ಭಾನುವಾರ ಯಾರೋ ನೋಡೋಕೆ ಬರ್ತಾರಂತೆ."

ಯಜಮಾನರು ಎತ್ತಿದ ತುತ್ತನ್ನು ತಟ್ಟೆಗೇ ಇಟ್ಟರು. ಹೇಳಿಬಿಡಬೇಕೆಂದು ಬಾಯಿ ತೆರೆದರು. "ಇನ್ನು ಸ್ವಲ್ಪ ಅನ್ನ ಹಾಕು," ಎಂಬ ಮಾತು ಬಂತು. ಹೊಟ್ಟೆ ತುಂಬಿದ್ದರೂ ಆ ಅನ್ನವನ್ನೆಲ್ಲ ತಿಂದರು, ಶಿಕ್ಷೆ ಎಂದುಕೊಂಡು.

ಭಾನುವಾರಕ್ಕೆ ಅವರೊಂದು ಉಪಾಯ ಹೂಡಿದರು. ಹಳದಿ ಬಟ್ಟೆಯ ಗಂಟನ್ನು ಪ್ಯಾಂಟಿನ ಜೇಬಿಗಿಳಿಸಿಕೊಂಡು ಹೋಗುವುದು. ಅವಳು ನೀರು ಕುಡಿಯುವ ಹೊತ್ತಿಗೆ ಸದ್ದಿಲ್ಲದೆ ಸರಿಯಾದ ಫಿನ್ನುಗಳನ್ನು ಹಾಕಿಬಿಡುವುದು. ಒಂದೇ ಒಂದು ಸುತ್ತು ಹೋಗು ಎಂದು ಪುಸಲಾಯಿಸುವುದು. ಹಲಗೆ ತಿರುಗುತ್ತದೆ, ಅವಳು ಕುಣಿದಾಡುತ್ತಾಳೆ, ಗುಡ್ಡದ ಮಾರ್ಗ ಉಳಿಯುತ್ತದೆ, ತಮ್ಮ ಮರ್ಯಾದೆಯೂ ಉಳಿಯುತ್ತದೆ. ಇಂಥ ಚೊಕ್ಕ ಉಪಾಯ ತಮ್ಮ ತಲೆಗೆ ಹೊಳೆದದ್ದಕ್ಕೆ ಬಸ್ಸಿನಲ್ಲಿ ಕೂತು ತಮಗೆ ತಾವೇ ಬೆನ್ನು ತಟ್ಟಿಕೊಂಡರು.

ಕಡಲತೀರಕ್ಕೆ ಬಂದವಳೇ ಹೆಂಡತಿ ನೆಟ್ಟಗೆ ಹೋಗಿ ಅವರ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತಳು.

"ನಾನು ಹೋಗಲ್ಲ. ನೀವು ಹೋಗಿ."

"ಎಲ್ಲಿಗೆ?"

"ನೀರಿಗೆ. ಊರಿನ ಹಲಗೆಗೆಲ್ಲ ನೀವೇ ಡಾಕ್ಟರು. ಒಂದೇ ಸಲ ನನ್ನ ಹಲಗೆ ಹತ್ತಿ ನೋಡಿ. ಅದು ತಿರುಗಿದರೆ ತಪ್ಪು ನಂದು, ಹಲಗೆಯನ್ನೂ ಕೊಡ್ತೀನಿ, ಮಾರ್ಗವನ್ನೂ ಬಿಡ್ತೀನಿ. ತಿರುಗಲಿಲ್ಲ ಅಂದ್ರೆ ಹಲಗೇದು. ನನಗೆ ಅಷ್ಟು ಗೊತ್ತಾದರೆ ಸಾಕು."

"ಡಿಸ್ಕು..." ಎಂದರು ಯಜಮಾನರು.

ಅವಳು ಅವರನ್ನೇ ನೋಡಿದಳು. ಆ ಕಣ್ಣಿನಲ್ಲಿ ಕೋಪವಿದ್ದಿದ್ದರೆ ಹೇಗೋ ನಿಭಾಯಿಸಬಹುದಿತ್ತು. ಇದ್ದದ್ದು ಮೊರೆ. ಈ ಮಾತು ಕಿವಿಗೆ ಬಿದ್ದ ಶಿಷ್ಯಕೋಟಿ ಸುತ್ತ ನೆರೆಯಿತು. ಡಾಕ್ಟರು ನೀರಿಗಿಳಿಯುತ್ತಾರಂತೆ! ಯಾರೋ ಜೀವರಕ್ಷಕ ಜಾಕೀಟು ತಂದರು, ಯಾರೋ ಹಲಗೆಯ ಹಗ್ಗವನ್ನು ಅವರ ಕಾಲಿಗೆ ಕಟ್ಟಿದರು, ಇನ್ಯಾರೋ ಫೋಟೋ ತೆಗೆಯಲು ನಿಂತರು.

ಯಜಮಾನರು ತಲೆಯೊಳಗೆ ಲೆಕ್ಕ ಹಾಕಿದರು. ಈಗ ಫಿನ್ ಬದಲಾಯಿಸಿದರೆ ಹಲಗೆ ತಿರುಗುತ್ತದೆ, ಅವಳು ತಪ್ಪು ತನ್ನದೇ ಎಂದು ಹೋಗಿಬಿಡುತ್ತಾಳೆ. ಬದಲಾಯಿಸದಿದ್ದರೆ ತಿರುಗದ ಹಲಗೆಯ ಮೇಲೆ ತಾವು ಹೋಗಬೇಕು. ಇನ್ನೊಂದು ದಾರಿಯೂ ಇತ್ತು, ಅಲ್ಲೇ ನಿಂತು ನಿಜ ಹೇಳುವುದು. ಇಷ್ಟು ಜನರ ಮುಂದೆ ನಿಜ ಹೇಳುವುದಕ್ಕಿಂತ ಮುಳುಗುವುದೇ ಮೇಲು ಎಂದು ತೀರ್ಮಾನಿಸಿ ಹಲಗೆಯನ್ನು ನೀರಿಗೆ ಎಳೆದರು. ಜೀವನದಲ್ಲಿ ಮೊದಲ ಸಲ ತೋರಿದ ಧೈರ್ಯವೂ ಪುಕ್ಕಲುತನದಿಂದಲೇ ಹುಟ್ಟಿತು.

ನಿಲ್ಲುವ ಮಾತೇ ಇರಲಿಲ್ಲ. ಮಂಡಿಯೂರಿ, ಹೊಟ್ಟೆಯನ್ನು ಹಲಗೆಗೆ ತಾಗುವಷ್ಟು ಬಾಗಿಸಿ, ಹುಟ್ಟನ್ನು ಸೌಟಿನಂತೆ ಹಿಡಿದು ಹೊರಟರು. ದಡದಲ್ಲಿ ಚಪ್ಪಾಳೆ ಬಿತ್ತು. ದಡದ ಗಾಳಿ ಬೆನ್ನಿಗೆ ಬಿದ್ದು ಹಲಗೆ ಸರಾಗವಾಗಿ ಸಾಗಿತು. ಅಲುಗಾಟವಿಲ್ಲ, ಓಲಾಟವಿಲ್ಲ. ಎಂಥ ಭದ್ರವಾದ ಫಿನ್ ಹಾಕಿದ್ದೇನೆ ಎಂದು ಒಂದು ಗಳಿಗೆ ಅವರಿಗೆ ಹೆಮ್ಮೆಯೇ ಆಯಿತು. ಆಮೇಲೆ ತಲೆಯೆತ್ತಿ ನೋಡಿದರೆ ಎದುರಿಗೆ ಬಂಡೆ.

ಎಡಕ್ಕೆ ಹುಟ್ಟು ಹಾಕಿದರು. ಹಲಗೆ ನೇರ ಹೋಯಿತು. ಬಲಕ್ಕೆ ಹಾಕಿದರು. ನೇರವೇ ಹೋಯಿತು. ವಾಲಿದರು, ಒತ್ತಿದರು, ಬೈದರು, ಬೇಡಿಕೊಂಡರು. ಅವರೇ ಕೈಯಾರೆ ಬಿಗಿದ ಸ್ಕ್ರೂ ಒಂದು ಕೂದಲೆಳೆಯಷ್ಟೂ ರಿಯಾಯಿತಿ ತೋರಲಿಲ್ಲ. ಅಷ್ಟರಲ್ಲಿ ಒಂದು ಸಣ್ಣ ಅಲೆ ಕೆನ್ನೆಗೆ ಬಾರಿಸಿ ಅವರ ಕನ್ನಡಕವನ್ನು ಕಿತ್ತುಕೊಂಡು ಹೋಯಿತು. ಕನ್ನಡಕಕ್ಕೆ ದಾರ ಕಟ್ಟಿಕೊಳ್ಳಿ ಎಂದು ಪ್ರತಿ ಗಿರಾಕಿಗೂ ಬುದ್ಧಿ ಹೇಳುತ್ತಿದ್ದ ಅಂಗಡಿಯ ಯಜಮಾನರ ಕನ್ನಡಕ! ಈಗ ಆಕಾಶ ಯಾವುದು, ನೀರು ಯಾವುದು ಒಂದೂ ತಿಳಿಯದೆ, ಎದುರಿಗಿನ ದೊಡ್ಡ ಕಪ್ಪು ಮಾತ್ರ ಇನ್ನಷ್ಟು ದೊಡ್ಡದಾಗುತ್ತ ಬಂತು.

"ತಿರುಗ್ತಿಲ್ಲಾ!" ಎಂದು ಯಜಮಾನರು ಕಿರುಚಿದರು. "ತಿರುಗ್ತಿಲ್ಲ ಕಣೇ! ಅಯ್ಯೋ!"

ಪಕ್ಕದಲ್ಲಿ ನೀರು ಚಿಮ್ಮಿದ ಸದ್ದಾಯಿತು. ಯಾರೋ ಅವರ ಹಲಗೆಯ ಮೂತಿ ಹಿಡಿದು ಎಳೆದು ತಿರುಗಿಸಿದರು. ಮಸುಕು ಆಕಾರ ಕಂಡಿತು, ಆಮೇಲೆ ದನಿ ಕೇಳಿತು. ಹೆಂಡತಿ. ತಮ್ಮನ ಹಲಗೆ ಕಿತ್ತುಕೊಂಡು ಬಂದಿದ್ದಳು.

"ಅಲ್ಲಾಡಬೇಡಿ. ಹಲಗೆ ಹಿಡ್ಕೊಂಡು ಮಲಗಿ," ಎಂದಳು. ಅವಳ ದನಿಯಲ್ಲಿ ಬಹಳ ದಿನದಿಂದ ಕಾಣದ ಗೆಲುವಿತ್ತು. "ತಿರುಗಲಿಲ್ಲ ಅಲ್ವಾ? ನಿಮಗೂ ತಿರುಗಲಿಲ್ಲ! ಹಾಗಾದ್ರೆ ತಪ್ಪು ನಂದಲ್ಲ."

"ನಿಂದಲ್ಲ. ಹಲಗೇದೂ ಅಲ್ಲ," ಎಂದರು ಯಜಮಾನರು ಮಲಗಿಕೊಂಡೇ. ಸುಳ್ಳು ಹೇಳಲು ಕೂಡ ಒಂದಿಷ್ಟು ಒಣ ಜಾಗ ಬೇಕಾಗುತ್ತದೆ, ಅವರ ಬಳಿ ಅದು ಉಳಿದಿರಲಿಲ್ಲ. "ನಂದು. ನೀಲಿ, ಬಿಳಿ ಎರಡೂ ಒಂದೇ ಕಣೇ. ದೊಡ್ಡದು. ಬಾಲಕ್ಕೆ ತಳ್ಳಿ ಬಿಗಿದಿದ್ದೀನಿ. ತಿರುಗಬಾರದು ಅಂತಲೇ."

ಅವಳು ಹುಟ್ಟು ಹಾಕಿ ಅವರ ಹಲಗೆಯನ್ನು ದಡಕ್ಕೆ ಎಳೆದಳು. ದಡ ಮುಟ್ಟಿದ ಮೇಲೆ ಹಲಗೆಯನ್ನು ಮಗುಚಿ ಹಾಕಿ, ಮೊದಲ ಸಲ ಅದರ ಹೊಟ್ಟೆಯನ್ನು ಬಗ್ಗಿ ನೋಡಿದಳು. ಫಿನ್ನನ್ನು ಕೈಯಲ್ಲಿ ಹಿಡಿದು ಅಲುಗಿಸಿ ನೋಡಿದಳು. ಶಿಷ್ಯಕೋಟಿ ನಗಲು ತಯಾರಾಗಿ ಬಂದದ್ದು, ಅವಳ ಮುಖ ನೋಡಿ ಒಬ್ಬೊಬ್ಬರಾಗಿ ಜಾಗ ಖಾಲಿ ಮಾಡಿತು. ಸೀಟಿ ಮಾತ್ರ ಉಳಿದ.

"ಎರಡೂ ಒಂದೇ ಅಂತ ನನ್ನ ಕಾಲಿಗೆ ಅವತ್ತೇ ಗೊತ್ತಾಗಿತ್ತು," ಎಂದಳು ಅವಳು. "ನೀವು ಬದಲಾಯಿಸಿದ್ದೀನಿ ಅಂದ್ರಿ. ಅದಕ್ಕೇ ನನ್ನ ಕಾಲಿಗೇ ಬುದ್ಧಿ ಇಲ್ಲ ಅಂದ್ಕೊಂಡೆ. ಗುಡ್ಡದಲ್ಲಿ ಸ್ಟೀರಿಂಗ್ ಹಿಡ್ಕೊಂಡಾಗಲೂ ಅದನ್ನೇ ಅಂದ್ಕೊಂಡೆ. ಮೆಕ್ಯಾನಿಕ್ ಸುಳ್ಳು ಹೇಳಿದ್ರೆ ಡ್ರೈವರ್ ಗತಿ ಏನು ರೀ?"

"ಅವತ್ತು ನೀನು ಬಿದ್ದೆಯಲ್ಲ... ತಲೆ ಕಾಣಲಿಲ್ಲ. ನನಗೆ ಭಯ ಆಯ್ತು. ಸುರಕ್ಷಿತವಾಗಿರಲಿ ಅಂತ..."

"ಸುರಕ್ಷಿತ! ತಿರುಗದ ಗಾಡಿ ಸುರಕ್ಷಿತ ಅಂತ ಯಾವ ಬುದ್ಧಿವಂತ ಹೇಳಿದ? ಈಗ ಬಂಡೆಗೆ ಹೋಗಿ ಗುದ್ದುತ್ತಿದ್ದದ್ದು ಯಾರು?"

ಯಜಮಾನರು ಒದ್ದೆ ಜೇಬಿನಿಂದ ಹಳದಿ ಬಟ್ಟೆಯ ಗಂಟು ತೆಗೆದು ಮರಳಿನ ಮೇಲೆ ಬಿಚ್ಚಿದರು. ಅವಳು ಅವರ ಕುತ್ತಿಗೆಯಲ್ಲಿದ್ದ ಸ್ಕ್ರೂ ಡ್ರೈವರನ್ನು ಎಳೆದು ಅವರ ಕೈಗೇ ಇಟ್ಟಳು. "ಹಾಕಿ. ಈ ಸಲ ನನಗೆ ಹಾಕಿ, ನಿಮ್ಮ ಭಯಕ್ಕೆ ಹಾಕಬೇಡಿ."

ಕಣ್ಣು ಕಾಣದಿದ್ದರೂ ಅವರ ಬೆರಳಿಗೆ ಕಾಣುತ್ತಿತ್ತು. ಪಕ್ಕದ ಎರಡನ್ನು, ಚಪ್ಪಟೆ ಮುಖ ಒಳಗಿರುವಂತೆ, ತಡವಿ ತಡವಿ ಕೂರಿಸಿದರು. ಮಧ್ಯದ ದೊಡ್ಡದನ್ನು ಬಿಚ್ಚಿ ಚಿಕ್ಕದನ್ನು ಇಳಿಸಿ, ಬಾಲದಿಂದ ಮುಂದಕ್ಕೆ, ಸೀಳಿನ ಅರ್ಧದಾಚೆಗೆ ತಂದು ಬಿಗಿದರು. ಅವಳ ತೂಕಕ್ಕೆ, ಅವಳು ಬಲಗಾಲು ಹಿಂದಿಟ್ಟು ನಿಲ್ಲುವ ರೀತಿಗೆ, ಎಷ್ಟು ಮುಂದೆ ತರಬೇಕೆಂದು ಅವರಿಗೆ ಮೊದಲ ತಿಂಗಳೇ ಗೊತ್ತಿತ್ತು. ಕೈ ಜಾರಿ ಒಂದು ಸ್ಕ್ರೂ ಮರಳಿಗೆ ಬಿತ್ತು, ಸೀಟಿ ಹುಡುಕಿ ಕೊಟ್ಟ.

ಅವಳು ಹಲಗೆ ಎತ್ತಿಕೊಂಡು ಹೋದಳು. ಮೊದಲ ಚಿಕ್ಕ ಅಲೆಯಲ್ಲೇ ಹಲಗೆ ತಿರುಗಿತು. ಯಜಮಾನರಿಗೆ ಕಾಣಲಿಲ್ಲ, ಆದರೆ ಅವಳ ಕೂಗು ಕೇಳಿತು. ಎರಡನೆಯದರಲ್ಲಿ ಎಡಕ್ಕೆ, ಮೂರನೆಯದರಲ್ಲಿ ಬಲಕ್ಕೆ. ಆಮೇಲೆ ಕೂಗು ದೂರವಾಯಿತು.

"ಎಲ್ಲಿಗೆ ಹೋದಳೋ?"

"ಎಲ್ಲಿಗೆ ಅಂದ್ರೆ? ಬಂಡೆಗೆ," ಎಂದ ಸೀಟಿ. "ನನ್ನ ಕೇಳ್ತಾಳಾ ಈಗ?"

"ಹೇಳು. ಏನಾಗ್ತಿದೆ ಹೇಳ್ತಾ ಇರು."

"ನಿಂತಿದ್ದಾಳೆ ಭಾವ. ಅಲೆ ಕಾಯ್ತಿದ್ದಾಳೆ... ಬಂತು. ಏರಿದಳು. ಒಳ್ಳೇ ಅಲೆ. ತಿರುಗಿಸು ಅಕ್ಕ, ತಿರುಗಿಸು, ತಿರುಗಿ..."

ಸೀಟಿ ಸುಮ್ಮನಾದ.

"ಏನಾಯ್ತು? ಲೋ, ಏನಾಯ್ತೋ?"

ಯಜಮಾನರ ಮುಂದೆ ಬೆಳ್ಳಗೆ ಮಸುಕಿತ್ತು, ಅಷ್ಟೇ. ಅವರು ಆ ಮಸುಕಿನೊಳಕ್ಕೆ ನಡೆದರು. ಹೆಂಡತಿಯನ್ನು ಕೂಗುತ್ತ ನಡೆದರು, ಕೂಗುತ್ತ ಕೂಗುತ್ತ ಬಾಯಿಗೆ ಉಪ್ಪುನೀರು ಹೋಯಿತು, ಉಗುಳಿ ಮತ್ತೆ ಕೂಗಿದರು. ಆ ಕ್ಷಣದಲ್ಲಿ ಅವಳು ಬರಲಿ, ಬಂದು ಬೈಯಲಿ, ಬದುಕಿರುವವರೆಗೂ ಬೈಯುತ್ತಲೇ ಇರಲಿ ಎಂಬುದನ್ನು ಬಿಟ್ಟು ಅವರಿಗೆ ಬೇರೆ ಏನೂ ಬೇಕಿರಲಿಲ್ಲ.

"ಯಾಕೆ ಹೀಗೆ ಬಡ್ಕೋತಿದ್ದೀರಿ?" ಎಂದಿತು ಒಂದು ದನಿ, ತೀರ ಹತ್ತಿರದಿಂದ. "ಬಿದ್ದೆ. ಎದ್ದೆ. ಹಿಂದೆಯೇ ಬಂದ ಅಲೆ ಹಿಡ್ಕೊಂಡು ಬಂದೆ. ತಿರುಗಿಸಿಕೊಂಡು ಬಂದೆ ರೀ, ಅಲ್ಲಿಂದ ಇಲ್ಲೀವರೆಗೂ!"

ಅವರು ಕೈ ಚಾಚಿದರು. ಹಲಗೆ ಸಿಕ್ಕಿತು, ಆಮೇಲೆ ಅವಳ ಒದ್ದೆ ಪಾದ. ಪಾದವನ್ನು ಹಿಡಿದುಕೊಂಡೇ ಅತ್ತರು. ಸಮುದ್ರದಲ್ಲಿ ಅಳುವುದರ ಅನುಕೂಲವೆಂದರೆ ಯಾರಿಗೂ ಗೊತ್ತಾಗುವುದಿಲ್ಲ ಎಂದುಕೊಂಡಿದ್ದರು. ಅವಳಿಗೆ ಗೊತ್ತಾಯಿತು.

ಅವಳು ಹಲಗೆಯ ಮೇಲೆ ಕೂತಳು. ಕೋಪ ಪೂರ್ತಿ ಇಳಿದಿರಲಿಲ್ಲ. ಇನ್ನೂ ಕೆಲವು ವಾರ ಇಳಿಯಲೂ ಇಲ್ಲ.

"ಒಂದು ಪರೀಕ್ಷೆ ಮಾಡ್ತೀನಿ," ಎಂದಳು. "ನಿಜ ಹೇಳಿ, ಊಹೆ ಬೇಡ. ಹಲಗೆ ಹತ್ತಿ ನೀವು ನೀರಿಗೆ ಬಂದ್ರಲ್ಲ, ಅದು ಮೊದಲನೆಯದು. ನಾನು ಕಾಣದೇ ಇದ್ದಾಗ ದಡದಲ್ಲಿ ನಿಂತಿದ್ರಲ್ಲ, ಅದು ಎರಡನೆಯದು. ಯಾವುದರಲ್ಲಿ ಭಯ ಜಾಸ್ತಿ ಇತ್ತು?"

"ಎರಡನೆಯದು," ಎಂದರು ಯಜಮಾನರು. ಯೋಚಿಸಬೇಕಾದ್ದೇನೂ ಇರಲಿಲ್ಲ.

"ಮತ್ತೆ? ಕಮ್ಮಿ ಇರೋದನ್ನೇ ಇಟ್ಕೊಳ್ಳಿ. ನನ್ನ ಜೊತೆ ಬನ್ನಿ."

ಯಜಮಾನರು ಬಾಯಿ ತೆರೆದರು. ಡಿಸ್ಕು ಎಂಬ ಪದ ನಾಲಿಗೆಯ ತುದಿಗೆ ಬಂದು, ತಾನು ನಿಂತಿರುವುದು ಎದೆಮಟ್ಟದ ನೀರಿನಲ್ಲಿ ಎಂದು ನೋಡಿ ನಾಚಿ ಹಿಂದಕ್ಕೆ ಹೋಯಿತು.

ಹಲಗೆ ನೋಡಲು ಬಂದವರನ್ನು ಸೀಟಿ ವಾಪಸು ಕಳಿಸಿದ. ಸೋಮವಾರ ಹೆಂಡತಿ ಗುಡ್ಡದ ಬಸ್ಸನ್ನೇ ಹತ್ತಿದಳು. ಮುಂದಿನ ಭಾನುವಾರ ಶೆಡ್ಡಿನಿಂದ ಮತ್ತೊಂದು ಹಳೆಯ ಹಲಗೆ ತಂದು, ಮಗುಚಿ ಹಾಕಿ, ಅವಳೇ ಮಂಡಿಯೂರಿ ಕೂತಳು. ಎರಡು ದೊಡ್ಡ ಫಿನ್ನುಗಳನ್ನೂ ಕೈಯಲ್ಲಿ ತೂಗಿ ನೋಡಿ, ನೀಲಿಯದನ್ನು ಸೀಳಿಗಿಳಿಸಿ, ಬಾಲದ ತುದಿಗೆ ತಳ್ಳಿ, ಬಿಗಿದಳು. ಅಲ್ಲಾಡಬಾರದು, ಓಲಾಡಬಾರದು, ತಿರುಗುವ ಯೋಚನೆಯೇ ಬರಬಾರದು. ಹೊಸದಾಗಿ ಹಲಗೆ ಹತ್ತುವ ಪುಕ್ಕಲರಿಗೆ ಅದಕ್ಕಿಂತ ಸರಿಯಾದ ಫಿನ್ ಬೇರೆ ಇಲ್ಲವೆಂದು ಡಾಕ್ಟರು ಒಪ್ಪಲೇಬೇಕಾಯಿತು. ಕನ್ನಡಕಕ್ಕೆ ದಾರ ಕಟ್ಟಿಕೊಂಡು, ಹುಟ್ಟನ್ನು ಸೌಟಿನಂತೆ ಹಿಡಿದು, ಅವರು ಹೆಂಡತಿಯ ಹಿಂದೆ ನೀರಿಗಿಳಿದರು.